ವಿಮಾನಯಾನ ಸಂಸ್ಥೆಗಳ ದಿವಾಳಿ ಮತ್ತು ಟಿಕೆಟ್ ಹಣದ ಮರುಪಾವತಿ

ವಿಮಾನಯಾನ ಸಂಸ್ಥೆಯೊಂದು ಆರ್ಥಿಕವಾಗಿ ಕುಸಿದು ಹಾರಾಟವನ್ನು ನಿಲ್ಲಿಸಿದಾಗ, ಮುಂಗಡವಾಗಿ ಟಿಕೆಟ್ ಕೊಂಡಿದ್ದ ಪ್ರಯಾಣಿಕರು ತಾವು ತೆತ್ತ ಹಣವನ್ನು ಹಿಂದಕ್ಕೆ ಪಡೆಯಲು ಇರುವ ಕಾನೂನುಬದ್ಧ ಹಾಗೂ ವ್ಯಾವಹಾರಿಕ ಮಾರ್ಗಗಳನ್ನು ಈ ಲೇಖನ ವಿವರಿಸುತ್ತದೆ. ಸಾಮಾನ್ಯ ದಿನಗಳಲ್ಲಿ ವಿಮಾನ ರದ್ದಾದರೆ ಟಿಕೆಟ್ ಹಣವನ್ನು ಮರಳಿಸುವುದು ಸಂಸ್ಥೆಯ ಕರ್ತವ್ಯ. ಆದರೆ ಸಂಸ್ಥೆಯೇ ದಿವಾಳಿ ಪ್ರಕ್ರಿಯೆಗೆ ಒಳಪಟ್ಟ ಮೇಲೆ ಪ್ರಯಾಣಿಕನು ಗ್ರಾಹಕನ ಸ್ಥಾನದಿಂದ ಸಾಲದಾತನ ಸ್ಥಾನಕ್ಕೆ ಸರಿಯುತ್ತಾನೆ. ಬ್ಯಾಂಕುಗಳು, ನೌಕರರು, ವಿಮಾನಗಳನ್ನು ಗುತ್ತಿಗೆಗೆ ನೀಡಿದವರು, ಇಂಧನ ಪೂರೈಸಿದವರು ಮುಂತಾದವರ ಸಾಲಿನಲ್ಲಿ ನಿಂತು ತನ್ನ ಪಾಲಿಗಾಗಿ ಕಾಯಬೇಕಾಗುತ್ತದೆ. ಭಾರತದಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್, ಜೆಟ್ ಏರ್‌ವೇಸ್ ಮತ್ತು ಗೋ ಫಸ್ಟ್ ಸಂಸ್ಥೆಗಳ ಪತನದ ಸಂದರ್ಭಗಳಲ್ಲಿ ಈ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದುರಾಯಿತು.

ಟಿಕೆಟ್ ಹಣದ ಸ್ವರೂಪ

ವಿಮಾನದ ಟಿಕೆಟನ್ನು ಪ್ರಯಾಣಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಮುಂಚಿತವಾಗಿ ಕೊಳ್ಳುವುದು ರೂಢಿ. ಪ್ರಯಾಣ ಮುಗಿಯುವವರೆಗೆ ಆ ಹಣವು ಲೆಕ್ಕಪತ್ರದ ದೃಷ್ಟಿಯಲ್ಲಿ ಸಂಸ್ಥೆಯ ಆದಾಯವಲ್ಲ, ಹೊಣೆಗಾರಿಕೆ. ಆದರೂ ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕಾದಿರಿಸಬೇಕೆಂಬ ಸಾಮಾನ್ಯ ಕಡ್ಡಾಯ ಭಾರತದಲ್ಲಿ ಇಲ್ಲ. ಹೀಗಾಗಿ ಮುಂದಿನ ತಿಂಗಳ ಪ್ರಯಾಣಕ್ಕಾಗಿ ಬಂದ ಹಣವು ಇಂದಿನ ಇಂಧನಕ್ಕೂ ಸಂಬಳಕ್ಕೂ ವಿಮಾನ ನಿಲ್ದಾಣದ ಶುಲ್ಕಕ್ಕೂ ಖರ್ಚಾಗುತ್ತದೆ. ಸಂಸ್ಥೆ ನಡೆಯುತ್ತಿರುವಷ್ಟು ಕಾಲ ಈ ಚಕ್ರ ತಿರುಗುತ್ತಿರುತ್ತದೆ. ನಿಂತ ದಿನ ಪ್ರಯಾಣಿಕರಿಗೆ ಹಿಂದಿರುಗಿಸಲು ಬೇಕಾದ ಹಣ ಸಂಸ್ಥೆಯ ಕೈಯಲ್ಲಿ ಉಳಿದಿರುವುದಿಲ್ಲ.

ಮತ್ತೊಂದು ಅಂಶವೆಂದರೆ ಸಂಸ್ಥೆಗಳ ಆಸ್ತಿಯ ಕೊರತೆ. ನೋಡಲು ಹತ್ತಾರು ವಿಮಾನಗಳಿದ್ದರೂ ಅವುಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಸಂಸ್ಥೆ ಕುಸಿದೊಡನೆ ಅವುಗಳ ಒಡೆಯರು ವಿಮಾನಗಳನ್ನು ಹಿಂದಕ್ಕೆ ಕೇಳುತ್ತಾರೆ. ಸಾಲದಾತರಿಗೆ ಹಂಚಲು ಉಳಿಯುವ ಆಸ್ತಿ ಕೆಲವು ಕಟ್ಟಡಗಳು, ಬಿಡಿಭಾಗಗಳು, ಬರಬೇಕಾದ ಬಾಕಿಗಳು ಇತ್ಯಾದಿಗಳಿಗೆ ಸೀಮಿತವಾಗುತ್ತದೆ.

ಭಾರತದ ಪ್ರಮುಖ ಪ್ರಕರಣಗಳು

ಕಿಂಗ್‌ಫಿಷರ್ ಏರ್‌ಲೈನ್ಸ್: ಬೆಂಗಳೂರನ್ನು ಕೇಂದ್ರವಾಗಿಸಿಕೊಂಡಿದ್ದ ಈ ಸಂಸ್ಥೆಯು 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಕಡಿಮೆ ದರದ ಏರ್ ಡೆಕ್ಕನ್ ಸಂಸ್ಥೆಯು 2008ರಲ್ಲಿ ಇದರೊಡನೆ ವಿಲೀನವಾಯಿತು. ಸಂಬಳ ಬಾಕಿ, ನೌಕರರ ಮುಷ್ಕರ ಮತ್ತು ಸಾಲದ ಹೊರೆಯ ನಡುವೆ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಅದೇ ತಿಂಗಳು ಪರವಾನಗಿಯನ್ನು ಅಮಾನತುಗೊಳಿಸಲಾಯಿತು. ಆಗ ಇಂದಿನ ದಿವಾಳಿ ಸಂಹಿತೆ ಇರಲಿಲ್ಲ. ಕಂಪನಿ ಕಾಯಿದೆಯ ಅಡಿಯಲ್ಲಿ ನಡೆದ ವಿಚಾರಣೆಯ ಬಳಿಕ ಕರ್ನಾಟಕ ಹೈಕೋರ್ಟ್ 2016ರಲ್ಲಿ ಸಂಸ್ಥೆಯ ಸಮಾಪನಕ್ಕೆ ಆದೇಶಿಸಿತು. ಹಾರಾಟ ನಿಂತ ದಿನಕ್ಕೂ ಸಮಾಪನದ ಆದೇಶಕ್ಕೂ ನಡುವೆ ನಾಲ್ಕು ವರ್ಷಗಳು ಕಳೆದಿದ್ದವು.

ಜೆಟ್ ಏರ್‌ವೇಸ್: 1993ರಲ್ಲಿ ಹಾರಾಟ ಆರಂಭಿಸಿದ ಈ ಸಂಸ್ಥೆಯು 2019ರ ಏಪ್ರಿಲ್ 17ರಂದು ಸೇವೆಯನ್ನು ಸ್ಥಗಿತಗೊಳಿಸಿತು. ಅದರ ಕೊನೆಯ ವಿಮಾನ ಅಮೃತಸರದಿಂದ ಮುಂಬಯಿಗೆ ಹಾರಿತು. ಭಾರತೀಯ ಸ್ಟೇಟ್ ಬ್ಯಾಂಕ್ ನೇತೃತ್ವದ ಬ್ಯಾಂಕುಗಳ ಅರ್ಜಿಯ ಮೇರೆಗೆ ಅದೇ ವರ್ಷ ಜೂನ್ 20ರಂದು ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಸಂಸ್ಥೆಯನ್ನು ಪುನಶ್ಚೇತನಗೊಳಿಸುವ ಯೋಜನೆಯೊಂದಕ್ಕೆ 2021ರ ಜೂನ್‌ನಲ್ಲಿ ಒಪ್ಪಿಗೆ ದೊರೆತರೂ ಅದು ಕಾರ್ಯಗತವಾಗಲಿಲ್ಲ. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಸಂಸ್ಥೆಯ ಸಮಾಪನಕ್ಕೆ ಆದೇಶಿಸಿತು.

ಗೋ ಫಸ್ಟ್: ವಾಡಿಯಾ ಸಮೂಹಕ್ಕೆ ಸೇರಿದ್ದ, ಮೊದಲು ಗೋಏರ್ ಎಂಬ ಹೆಸರಿದ್ದ ಈ ಸಂಸ್ಥೆಯು 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಸಲ್ಲಿಸಿ, ಮರುದಿನದಿಂದ ಹಾರಾಟ ನಿಲ್ಲಿಸಿತು. ಪ್ರ್ಯಾಟ್ ಆ್ಯಂಡ್ ವಿಟ್ನಿ ಕಂಪನಿಯ ಎಂಜಿನ್‌ಗಳ ತೊಂದರೆಯಿಂದ ತನ್ನ ವಿಮಾನಗಳಲ್ಲಿ ಸುಮಾರು ಅರ್ಧದಷ್ಟು ನೆಲಕ್ಕಿಳಿದಿವೆ ಎಂಬುದು ಸಂಸ್ಥೆ ನೀಡಿದ ಕಾರಣ. ಎಂಜಿನ್ ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ. ನಿಯಮಾನುಸಾರ ಹಣ ಮರಳಿಸುವಂತೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಸೂಚಿಸಿತು. ಟಿಕೆಟ್ ಮಾರಾಟವನ್ನು ನಿಲ್ಲಿಸಲೂ ಆದೇಶಿಸಿತು. ಆದರೆ ಮೇ 10ರಂದು ನ್ಯಾಯಮಂಡಳಿಯು ದಿವಾಳಿ ಅರ್ಜಿಯನ್ನು ಅಂಗೀಕರಿಸಿದ್ದರಿಂದ ಹಳೆಯ ಬಾಕಿಗಳ ಪಾವತಿಗೆ ಕಾನೂನಿನ ತಡೆ ಬಿದ್ದಿತು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಆದೇಶದಂತೆ ಗುತ್ತಿಗೆಯ ವಿಮಾನಗಳು ಒಡೆಯರಿಗೆ ಮರಳುವಂತಾಯಿತು. 2025ರ ಜನವರಿಯಲ್ಲಿ ನ್ಯಾಯಮಂಡಳಿಯು ಸಮಾಪನಕ್ಕೆ ಆದೇಶಿಸಿತು.

ಕಾನೂನಿನ ಚೌಕಟ್ಟು

ವಿಮಾನಯಾನ ನಿಯಂತ್ರಕರ ನಿಯಮಗಳು

ಡಿಜಿಸಿಎ ಎಂದೇ ಪರಿಚಿತವಾದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳ ಪ್ರಕಾರ, ಕ್ರೆಡಿಟ್ ಕಾರ್ಡ್ ಮೂಲಕ ಕೊಂಡ ಟಿಕೆಟ್ ರದ್ದಾದರೆ ಏಳು ದಿನಗಳೊಳಗೆ ಹಣವನ್ನು ಕಾರ್ಡಿನ ಖಾತೆಗೆ ಮರಳಿಸಬೇಕು. ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನ ವಿಷಯದಲ್ಲಿಯೂ ಮರುಪಾವತಿಯ ಹೊಣೆ ವಿಮಾನಯಾನ ಸಂಸ್ಥೆಯದೇ. ಈ ನಿಯಮಗಳು ನಡೆಯುತ್ತಿರುವ ಸಂಸ್ಥೆಯನ್ನು ಉದ್ದೇಶಿಸಿ ರಚಿತವಾದವು. ದಿವಾಳಿ ಪ್ರಕ್ರಿಯೆ ಆರಂಭವಾದ ಬಳಿಕ ಅವು ನೀಡುವ ಹಕ್ಕು ಅಳಿದುಹೋಗುವುದಿಲ್ಲ. ಆದರೆ ಆ ಹಕ್ಕು ದಿವಾಳಿ ಕಾನೂನಿನ ದಾರಿಯಲ್ಲೇ ಸಾಗಬೇಕಾಗುತ್ತದೆ.

ದಿವಾಳಿ ಸಂಹಿತೆ ಮತ್ತು ತಡೆಯಾಜ್ಞೆ

2016ರ ದಿವಾಳಿ ಸಂಹಿತೆಯಡಿ ಕಂಪನಿಯ ವಿರುದ್ಧ ಮೂರು ಬಗೆಯಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ: 7ನೆಯ ಸೆಕ್ಷನ್ನಿನಡಿ ಬ್ಯಾಂಕುಗಳಂತಹ ಹಣಕಾಸು ಸಾಲದಾತರು, 9ನೆಯ ಸೆಕ್ಷನ್ನಿನಡಿ ಸರಕು-ಸೇವೆಗಳ ವ್ಯವಹಾರದಿಂದ ಬಾಕಿದಾರರಾದ ಕಾರ್ಯಾಚರಣಾ ಸಾಲದಾತರು, 10ನೆಯ ಸೆಕ್ಷನ್ನಿನಡಿ ಸ್ವತಃ ಕಂಪನಿ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಅರ್ಜಿಯನ್ನು ಅಂಗೀಕರಿಸಿದ ದಿನವೇ ದಿವಾಳಿ ಪ್ರಕ್ರಿಯೆಯ ಆರಂಭದ ದಿನ. ಅಂದಿನಿಂದ ಆಡಳಿತ ಮಂಡಳಿಯ ಅಧಿಕಾರ ಅಮಾನತಾಗಿ, ನ್ಯಾಯಮಂಡಳಿ ನೇಮಿಸಿದ ಮಧ್ಯಂತರ ಪರಿಹಾರ ವೃತ್ತಿಪರರ ಕೈಗೆ ಆಡಳಿತ ಬರುತ್ತದೆ.

14ನೆಯ ಸೆಕ್ಷನ್ ಪ್ರಯಾಣಿಕರ ಪಾಲಿಗೆ ಅತ್ಯಂತ ಮುಖ್ಯವಾದುದು. ಅದರಂತೆ ಕಂಪನಿಯ ವಿರುದ್ಧ ಹೊಸ ದಾವೆ ಹೂಡುವುದಕ್ಕೂ, ಇರುವ ದಾವೆಯನ್ನು ಮುಂದುವರಿಸುವುದಕ್ಕೂ, ಈಗಾಗಲೇ ಬಂದ ತೀರ್ಪನ್ನು ಜಾರಿಗೊಳಿಸುವುದಕ್ಕೂ ತಡೆ ಬೀಳುತ್ತದೆ. ಒಬ್ಬ ಸಾಲದಾತನು ಇತರರಿಗಿಂತ ಮುಂಚೆ ಬಂದು ಕೈಗೆ ಸಿಕ್ಕಿದ್ದನ್ನು ಒಯ್ಯದಂತೆ ತಡೆಯುವುದು ಇದರ ಉದ್ದೇಶ. ಗ್ರಾಹಕ ಆಯೋಗದಲ್ಲಿ ಗೆದ್ದ ಪ್ರಯಾಣಿಕನೂ ಈ ಅವಧಿಯಲ್ಲಿ ಆದೇಶವನ್ನು ಜಾರಿಗೊಳಿಸಲಾರ. ಆದೇಶದ ಮೊತ್ತವನ್ನು ಹಕ್ಕುಕೋರಿಕೆಯಾಗಿ ಸಲ್ಲಿಸಬೇಕಾಗುತ್ತದೆ.

ಪ್ರಯಾಣಿಕನ ಸ್ಥಾನ

ಮುಂಗಡ ಕೊಟ್ಟವನು ಯಾವ ವರ್ಗದ ಸಾಲದಾತ ಎಂಬ ಪ್ರಶ್ನೆ ಬಹುಕಾಲ ಚರ್ಚೆಯಲ್ಲಿತ್ತು. ಸರಕು ಅಥವಾ ಸೇವೆಗಾಗಿ ಮುಂಗಡ ಕೊಟ್ಟವನನ್ನೂ ಕಾರ್ಯಾಚರಣಾ ಸಾಲದಾತನೆಂದು ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಅದು ವಿಮಾನಯಾನಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲವಾದರೂ ಅದರ ತರ್ಕ ಟಿಕೆಟ್ ಕೊಂಡವರಿಗೂ ಹೊಂದುತ್ತದೆ. ಆದರೆ ಕಂಪನಿಯ ಭವಿಷ್ಯವನ್ನು ನಿರ್ಧರಿಸುವ ಸಾಲದಾತರ ಸಮಿತಿಯಲ್ಲಿ ಸಾಮಾನ್ಯವಾಗಿ ಮತಾಧಿಕಾರ ಇರುವುದು ಹಣಕಾಸು ಸಾಲದಾತರಿಗೆ. ಪ್ರಯಾಣಿಕರ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅವರಿಗೆ ಅಲ್ಲಿ ಮತವಿಲ್ಲ.

ಹಂಚಿಕೆಯ ಕ್ರಮ

ಸಮಾಪನದಲ್ಲಿ ಆಸ್ತಿಯ ಮಾರಾಟದಿಂದ ಬಂದ ಹಣವನ್ನು 53ನೆಯ ಸೆಕ್ಷನ್ ಹೇಳುವ ಕ್ರಮದಲ್ಲಿಯೇ ಹಂಚಬೇಕು:

1. ದಿವಾಳಿ ಪ್ರಕ್ರಿಯೆಯ ಮತ್ತು ಸಮಾಪನದ ವೆಚ್ಚಗಳು
2. ಕಾರ್ಮಿಕರ 24 ತಿಂಗಳ ಬಾಕಿ ಹಾಗೂ ತಮ್ಮ ಅಡಮಾನದ ಹಕ್ಕನ್ನು ಬಿಟ್ಟುಕೊಟ್ಟ ಭದ್ರತೆಯುಳ್ಳ ಸಾಲದಾತರು, ಸಮಾನ ನೆಲೆಯಲ್ಲಿ
3. ಇತರ ನೌಕರರ 12 ತಿಂಗಳ ಬಾಕಿ
4. ಭದ್ರತೆಯಿಲ್ಲದ ಹಣಕಾಸು ಸಾಲಗಳು
5. ಸರ್ಕಾರಕ್ಕೆ ಸಲ್ಲಬೇಕಾದ ನಿರ್ದಿಷ್ಟ ಅವಧಿಯ ಬಾಕಿ, ಹಾಗೂ ಅಡಮಾನವನ್ನು ಸ್ವತಃ ಮಾರಿಕೊಂಡ ಸಾಲದಾತರ ಉಳಿಕೆ ಬಾಕಿ
6. ಉಳಿದ ಎಲ್ಲ ಸಾಲಗಳು
7. ಆದ್ಯತಾ ಷೇರುದಾರರು
8. ಸಾಮಾನ್ಯ ಷೇರುದಾರರು

ಟಿಕೆಟ್ ಕೊಂಡವರು ಬರುವುದು ಆರನೆಯ ಮೆಟ್ಟಿಲಿನಲ್ಲಿ. ಮೇಲಿನ ಮೆಟ್ಟಿಲಿನವರಿಗೆ ಪೂರ್ತಿ ಸಂದ ಮೇಲಷ್ಟೇ ಕೆಳಗಿನ ಮೆಟ್ಟಿಲಿಗೆ ಹಣ ಇಳಿಯುತ್ತದೆ. ಕಾಲ್ಪನಿಕ ಉದಾಹರಣೆಯೊಂದರಿಂದ ಇದು ಸ್ಪಷ್ಟವಾಗುತ್ತದೆ: ಆಸ್ತಿಯ ಮಾರಾಟದಿಂದ 100 ಕೋಟಿ ರೂಪಾಯಿ ಬಂದು, ವೆಚ್ಚಕ್ಕೆ 10 ಕೋಟಿ ಹೋಯಿತೆನ್ನೋಣ. ಎರಡನೆಯ ಮೆಟ್ಟಿಲಿನವರ ಒಟ್ಟು ಬಾಕಿ 600 ಕೋಟಿಯಿದ್ದರೆ ಉಳಿದ 90 ಕೋಟಿಯೂ ಅವರಲ್ಲೇ ಹಂಚಿಹೋಗುತ್ತದೆ; ಅವರಿಗೂ ರೂಪಾಯಿಗೆ 15 ಪೈಸೆಯಷ್ಟೇ ದೊರೆಯುತ್ತದೆ. ಪ್ರಯಾಣಿಕರವರೆಗೆ ಏನೂ ತಲುಪುವುದಿಲ್ಲ.

ಸಮಾಪನಕ್ಕೆ ಹೋಗದೆ ಪುನಶ್ಚೇತನ ಯೋಜನೆ ಒಪ್ಪಿಗೆಯಾದರೆ, ಸಮಾಪನದಲ್ಲಿ ದೊರೆಯಬಹುದಾಗಿದ್ದ ಮೊತ್ತಕ್ಕಿಂತ ಕಡಿಮೆಯಾಗದಂತೆ ಕಾರ್ಯಾಚರಣಾ ಸಾಲದಾತರಿಗೆ ಕೊಡಬೇಕೆಂಬ ನಿಯಮವಿದೆ. ಸಮಾಪನದ ಅಂದಾಜು ಮೊತ್ತವೇ ಸೊನ್ನೆಯಿದ್ದಲ್ಲಿ ಈ ರಕ್ಷಣೆಯ ಬೆಲೆಯೂ ಅಷ್ಟೇ. ಒಪ್ಪಿಗೆಯಾದ ಯೋಜನೆ ಎಲ್ಲ ಸಾಲದಾತರನ್ನೂ ಬಂಧಿಸುತ್ತದೆ.

ಹಣ ಹಿಂಪಡೆಯುವ ಮಾರ್ಗಗಳು

ಕಾರ್ಡ್ ಚಾರ್ಜ್‌ಬ್ಯಾಕ್

ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ಮೂಲಕ ಪಾವತಿಸಿದವರಿಗೆ ಸಾಮಾನ್ಯವಾಗಿ ಹೆಚ್ಚು ಫಲಕಾರಿಯಾದ ಮಾರ್ಗ ಇದು. ಕೊಂಡ ಸೇವೆ ದೊರೆಯದಿದ್ದರೆ ವ್ಯವಹಾರವನ್ನು ಹಿಂದಿರುಗಿಸುವಂತೆ ಕಾರ್ಡುದಾರನು ತನ್ನ ಬ್ಯಾಂಕನ್ನು ಕೇಳುವ ಕ್ರಮಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಕಾರ್ಡುದಾರನ ಬ್ಯಾಂಕು ಆ ಹಣವನ್ನು ವಿಮಾನಯಾನ ಸಂಸ್ಥೆಯ ಪರವಾಗಿ ಕಾರ್ಡ್ ಪಾವತಿಗಳನ್ನು ಸ್ವೀಕರಿಸುವ ಬ್ಯಾಂಕಿನಿಂದ ಕೇಳುತ್ತದೆ. ದಿವಾಳಿಯಾದ ಸಂಸ್ಥೆಯಿಂದ ವಸೂಲು ಮಾಡುವ ಕಷ್ಟ ಆ ಎರಡನೆಯ ಬ್ಯಾಂಕಿನ ಪಾಲಾಗುತ್ತದೆ. ಈ ಅಪಾಯವನ್ನು ಅರಿತೇ, ಸಂಸ್ಥೆಯೊಂದು ದುರ್ಬಲವಾಗುತ್ತಿರುವ ಸೂಚನೆ ಸಿಕ್ಕೊಡನೆ ಅಂತಹ ಬ್ಯಾಂಕುಗಳು ಟಿಕೆಟ್ ಹಣದ ಒಂದು ಭಾಗವನ್ನು ತಮ್ಮಲ್ಲೇ ತಡೆಹಿಡಿಯುವುದುಂಟು. ಆಗ ಸಂಸ್ಥೆಯ ನಗದು ಇನ್ನಷ್ಟು ಬತ್ತುತ್ತದೆ.

ಚಾರ್ಜ್‌ಬ್ಯಾಕ್ ಕಾರ್ಡ್ ಜಾಲಗಳ ನಿಯಮಗಳಿಂದ ಬಂದ ಸೌಲಭ್ಯ. ಭಾರತದಲ್ಲಿ ಅದಕ್ಕೆ ಪ್ರತ್ಯೇಕ ಶಾಸನದ ಬಲವಿಲ್ಲ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಗಡುವಿದ್ದು, ಪ್ರಯಾಣ ನಡೆಯಬೇಕಿದ್ದ ದಿನದಿಂದ ಅಥವಾ ಸೇವೆ ದೊರೆಯದೆಂದು ತಿಳಿದ ದಿನದಿಂದ ಎಣಿಕೆ ಆರಂಭವಾಗುತ್ತದೆ. ಆದ್ದರಿಂದ ಸಂಸ್ಥೆಯಿಂದಲೇ ಹಣ ಬರಬಹುದೆಂದು ತಿಂಗಳುಗಟ್ಟಲೆ ಕಾಯುತ್ತ ಕುಳಿತವರು ಈ ಅವಕಾಶವನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ. ಬ್ಯಾಂಕಿಗೆ ಲಿಖಿತ ದೂರು ಕೊಡುವಾಗ ಟಿಕೆಟ್, ಪಾವತಿಯ ದಾಖಲೆ, ಹಾರಾಟ ರದ್ದಾದ ಸಂದೇಶ ಇವುಗಳನ್ನು ಲಗತ್ತಿಸಬೇಕು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.

ನೆಟ್ ಬ್ಯಾಂಕಿಂಗ್ ಅಥವಾ ಯುಪಿಐ ಮೂಲಕ ಪಾವತಿಸಿದವರೂ ಬ್ಯಾಂಕಿಗೆ ದೂರು ನೀಡಬಹುದು. ಆದರೆ ಕಾರ್ಡ್ ಜಾಲಗಳಲ್ಲಿರುವಷ್ಟು ವ್ಯವಸ್ಥಿತವಾದ ರಕ್ಷಣೆಯನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ನಗದು ಕೊಟ್ಟವರಿಗೆ ಈ ಮಾರ್ಗವೇ ಇಲ್ಲ.

ಟ್ರಾವೆಲ್ ಏಜೆಂಟರ ಮೂಲಕ ಕೊಂಡ ಟಿಕೆಟ್

ಏಜೆಂಟ್ ಅಥವಾ ಜಾಲತಾಣದ ಮೂಲಕ ಕೊಂಡಾಗ ಪ್ರಯಾಣಿಕನ ಹಣ ಮೊದಲು ಏಜೆಂಟನ ಖಾತೆಗೆ ಹೋಗಿ, ಅಲ್ಲಿಂದ ವಿಮಾನಯಾನ ಸಂಸ್ಥೆಗೆ ಸೇರುತ್ತದೆ. ಹಣ ಸಂಸ್ಥೆಗೆ ಇನ್ನೂ ಸಂದಿರದಿದ್ದರೆ ಏಜೆಂಟನಿಂದ ಹಿಂದಕ್ಕೆ ಪಡೆಯುವುದು ಸುಲಭ. ಸಂದಿದ್ದರೆ, ಸಂಸ್ಥೆಯಿಂದ ಬಂದ ಮೇಲಷ್ಟೇ ಕೊಡುವುದಾಗಿ ಏಜೆಂಟರು ಹೇಳುವುದು ಸಾಮಾನ್ಯ. ಏಜೆಂಟನು ಸಂಗ್ರಹಿಸಿದ ಸೇವಾ ಶುಲ್ಕ, ಆತನೇ ಮಾರಿದ ಹೋಟೆಲ್ ಮತ್ತು ಪ್ಯಾಕೇಜ್ ಸೇವೆಗಳ ವಿಷಯದಲ್ಲಿ ಆತನ ಹೊಣೆ ಬೇರೆಯಾಗಿಯೇ ಉಳಿಯುತ್ತದೆ. ವಿಮಾನಯಾನ ಸಂಸ್ಥೆಗೆ ದೊರೆತ ತಡೆಯಾಜ್ಞೆಯ ರಕ್ಷಣೆ ಏಜೆಂಟನಿಗೆ ಅನ್ವಯಿಸುವುದಿಲ್ಲ. ಆದಕಾರಣ ಏಜೆಂಟನ ಕಡೆಯಿಂದ ಸೇವಾ ನ್ಯೂನತೆ ಇದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗವನ್ನು ಸಮೀಪಿಸಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಗಳ ದೂರಿಗೆ ಅಲ್ಲಿ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹಕ್ಕುಕೋರಿಕೆ ಸಲ್ಲಿಕೆ

ದಿವಾಳಿ ಪ್ರಕ್ರಿಯೆ ಆರಂಭವಾದೊಡನೆ ಮಧ್ಯಂತರ ಪರಿಹಾರ ವೃತ್ತಿಪರರು ಪತ್ರಿಕೆಗಳಲ್ಲಿಯೂ ಕಂಪನಿಯ ಜಾಲತಾಣದಲ್ಲಿಯೂ ಸಾರ್ವಜನಿಕ ಪ್ರಕಟಣೆ ಹೊರಡಿಸುತ್ತಾರೆ. ಹಕ್ಕುಕೋರಿಕೆ ಸಲ್ಲಿಸಲು ಅವರ ನೇಮಕದಿಂದ 14 ದಿನಗಳ ಗಡುವಿರುತ್ತದೆ; ತಡವಾದವರು ಪ್ರಕ್ರಿಯೆ ಆರಂಭವಾದ 90 ದಿನಗಳೊಳಗೆ ಸಲ್ಲಿಸಲು ಅವಕಾಶವಿದೆ. ಕಾರ್ಯಾಚರಣಾ ಸಾಲದಾತರಿಗೆ ಬಿ ನಮೂನೆ, ಯಾವ ವರ್ಗಕ್ಕೂ ಸೇರದ ಇತರರಿಗೆ ಎಫ್ ನಮೂನೆ ನಿಗದಿಯಾಗಿದೆ. ಪ್ರಯಾಣಿಕರು ಯಾವ ನಮೂನೆಯನ್ನು ಬಳಸಬೇಕೆಂಬುದನ್ನು ಪ್ರಕಟಣೆಯನ್ನು ಓದಿಯೇ ನಿರ್ಧರಿಸಬೇಕು.

ಹಕ್ಕುಕೋರಿಕೆಯಲ್ಲಿ ಟಿಕೆಟ್ ಸಂಖ್ಯೆ ಅಥವಾ ಪಿಎನ್‌ಆರ್, ಪ್ರಯಾಣದ ದಿನ, ಪಾವತಿಸಿದ ಮೊತ್ತ, ಪಾವತಿಯ ಪುರಾವೆ, ಬ್ಯಾಂಕ್ ಖಾತೆಯ ವಿವರ ಇರಬೇಕು. ಸಲ್ಲಿಸಲು ಶುಲ್ಕವಿಲ್ಲ, ವಕೀಲರ ನೆರವು ಕಡ್ಡಾಯವಲ್ಲ. ಕಂಪನಿ ಸಮಾಪನಕ್ಕೆ ಹೋದರೆ ಸಮಾಪಕರು ಮತ್ತೊಮ್ಮೆ ಪ್ರಕಟಣೆ ಹೊರಡಿಸಿ 30 ದಿನಗಳ ಗಡುವಿನಲ್ಲಿ ಹಕ್ಕುಕೋರಿಕೆಗಳನ್ನು ಆಹ್ವಾನಿಸುತ್ತಾರೆ.

ಚಾರ್ಜ್‌ಬ್ಯಾಕ್ ಮತ್ತು ಹಕ್ಕುಕೋರಿಕೆ ಎರಡನ್ನೂ ಏಕಕಾಲದಲ್ಲಿ ಆರಂಭಿಸಬಹುದು. ಆದರೆ ಒಂದೇ ಹಣವನ್ನು ಎರಡು ಕಡೆ ಪಡೆಯುವಂತಿಲ್ಲ. ಬ್ಯಾಂಕಿನಿಂದ ಹಣ ಬಂದರೆ ಪರಿಹಾರ ವೃತ್ತಿಪರರಿಗೆ ತಿಳಿಸಿ ಹಕ್ಕುಕೋರಿಕೆಯನ್ನು ಹಿಂಪಡೆಯಬೇಕು.

ಪ್ರವಾಸ ವಿಮೆ

ಪ್ರವಾಸ ವಿಮೆ ಇದ್ದ ಮಾತ್ರಕ್ಕೆ ಸಂಸ್ಥೆಯ ದಿವಾಳಿಯಿಂದಾದ ನಷ್ಟ ಭರ್ತಿಯಾಗುತ್ತದೆಂದು ತಿಳಿಯಬಾರದು. ಹವಾಮಾನ, ಅನಾರೋಗ್ಯ, ಸಾಮಾನು ಕಳವು ಮುಂತಾದವು ಸಾಮಾನ್ಯವಾಗಿ ವಿಮೆಯ ವ್ಯಾಪ್ತಿಯಲ್ಲಿರುತ್ತವೆ. ವಿಮಾನಯಾನ ಸಂಸ್ಥೆಯ ದಿವಾಳಿಯನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಪಾಲಿಸಿಯಲ್ಲಿ ಅದು ಸ್ಪಷ್ಟವಾಗಿ ನಮೂದಾಗಿದೆಯೇ ಎಂಬುದೇ ನಿರ್ಣಾಯಕ. ಸಂಸ್ಥೆಯ ಸಂಕಷ್ಟ ಬಹಿರಂಗವಾದ ಮೇಲೆ ಕೊಂಡ ವಿಮೆಯಿಂದ ಈ ಬಾಬಿನಲ್ಲಿ ಪ್ರಯೋಜನವಾಗುವುದು ವಿರಳ.

ವಿಶೇಷ ಸಂದರ್ಭಗಳು

ಒಂದು ಸಂಸ್ಥೆ ಮಾರಿದ ಟಿಕೆಟ್ಟಿನಲ್ಲಿ ಬೇರೊಂದು ಸಂಸ್ಥೆಯ ವಿಮಾನ ಸೇರಿರಬಹುದು. ಆಗ ಟಿಕೆಟನ್ನು ನೀಡಿದವರು ಯಾರೆಂಬುದು ಮುಖ್ಯ. ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿಗಳು ಅದನ್ನು ಸೂಚಿಸುತ್ತವೆ: ಏರ್ ಇಂಡಿಯಾದ ಸಂಖ್ಯೆ 098, ಜೆಟ್ ಏರ್‌ವೇಸ್‌ನದು 589 ಆಗಿತ್ತು. ನಡೆಯುತ್ತಿರುವ ಸಂಸ್ಥೆ ನೀಡಿದ ಟಿಕೆಟ್ಟಾದರೆ, ಕುಸಿದ ಸಂಸ್ಥೆಯ ವಿಮಾನದ ಭಾಗಕ್ಕೂ ಆ ಸಂಸ್ಥೆಯನ್ನೇ ಮೊದಲು ಕೇಳಬೇಕು.

ಎರಡು ಪ್ರತ್ಯೇಕ ಟಿಕೆಟ್‌ಗಳನ್ನು ಕೊಂಡು ಪ್ರಯಾಣವನ್ನು ಜೋಡಿಸಿಕೊಂಡವರಿಗೆ ಈ ಅನುಕೂಲವಿಲ್ಲ. ಮೊದಲ ವಿಮಾನ ಹಾರದೆ ಎರಡನೆಯದು ತಪ್ಪಿದರೆ, ಎರಡನೆಯ ಸಂಸ್ಥೆಗೆ ಅದರ ಹೊಣೆಯಿಲ್ಲ.

ಹಿಂದೆ ರದ್ದಾದ ಪ್ರಯಾಣದ ಬದಲಿಗೆ ಪಡೆದ ವೋಚರ್ ಅಥವಾ ಜಮಾ ಮೊತ್ತವೂ ಸಂಸ್ಥೆ ಕುಸಿದಾಗ ಭದ್ರತೆಯಿಲ್ಲದ ಸಾಲವೇ. ಪ್ರಯಾಣದ ಅಂಕಗಳ ವಿಷಯ ಸ್ವಲ್ಪ ಭಿನ್ನ. ಅವುಗಳನ್ನು ನಡೆಸುವ ಕಂಪನಿ ಬೇರೆಯಿದ್ದರೆ ಅಂಕಗಳು ಉಳಿಯಬಹುದು. ಜೆಟ್ ಏರ್‌ವೇಸ್‌ನ ಜೆಟ್‌ಪ್ರಿವಿಲೇಜ್ ಯೋಜನೆಯನ್ನು ಪ್ರತ್ಯೇಕ ಕಂಪನಿ ನಡೆಸುತ್ತಿದ್ದುದರಿಂದ ಅದು ವಿಮಾನಯಾನ ಸಂಸ್ಥೆಯೊಡನೆ ಮುಳುಗದೆ, 2019ರಲ್ಲಿ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರು ಪಡೆಯಿತು.

ಇತರ ದೇಶಗಳ ವ್ಯವಸ್ಥೆ

ಬ್ರಿಟನ್‌ನಲ್ಲಿ 1970ರ ದಶಕದಿಂದ ಅಟಾಲ್ ಎಂಬ ಪರವಾನಗಿ ವ್ಯವಸ್ಥೆ ಇದೆ. ವಿಮಾನವನ್ನೊಳಗೊಂಡ ಪ್ಯಾಕೇಜ್ ಪ್ರವಾಸಗಳನ್ನು ಮಾರುವವರು ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ 2.50 ಪೌಂಡ್‌ಗಳನ್ನು ಸಾಮೂಹಿಕ ನಿಧಿಗೆ ಕಟ್ಟುತ್ತಾರೆ. ಮಾರಿದವರು ಕುಸಿದರೆ ಈ ನಿಧಿಯಿಂದ ಹಣ ಮರಳುತ್ತದೆ. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲಾಗುತ್ತದೆ. ವಿಮಾನಯಾನ ಸಂಸ್ಥೆಯಿಂದ ನೇರವಾಗಿ ಕೊಂಡ ಬರಿಯ ಟಿಕೆಟ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಇದಲ್ಲದೆ 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ಸೆಕ್ಷನ್ನಿನಂತೆ, 100 ಪೌಂಡ್‌ಗಿಂತ ಹೆಚ್ಚಿನ ಹಾಗೂ 30,000 ಪೌಂಡ್‌ವರೆಗಿನ ಬೆಲೆಯ ಸೇವೆಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಾಗ ಮಾರಿದವನಷ್ಟೇ ಹೊಣೆ ಕಾರ್ಡ್ ಕಂಪನಿಗೂ ಇರುತ್ತದೆ.

2017ರ ಅಕ್ಟೋಬರ್‌ನಲ್ಲಿ ಮೊನಾರ್ಕ್ ಏರ್‌ಲೈನ್ಸ್, 2019ರ ಸೆಪ್ಟೆಂಬರ್ 23ರಂದು ಥಾಮಸ್ ಕುಕ್ ಕುಸಿದಾಗ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಬಾಡಿಗೆ ವಿಮಾನಗಳಲ್ಲಿ ಪ್ರಯಾಣಿಕರನ್ನು ಸ್ವದೇಶಕ್ಕೆ ಕರೆತಂದಿತು. ಥಾಮಸ್ ಕುಕ್ ಪ್ರಕರಣದಲ್ಲಿ ಹೊರದೇಶದಲ್ಲಿದ್ದವರ ಸಂಖ್ಯೆ ಸುಮಾರು ಒಂದೂವರೆ ಲಕ್ಷ. ಭಾರತದ ಥಾಮಸ್ ಕುಕ್ ಇಂಡಿಯಾ ಆ ವೇಳೆಗಾಗಲೇ ಬೇರೆ ಒಡೆತನದ ಸ್ವತಂತ್ರ ಕಂಪನಿಯಾಗಿದ್ದು, ಹೆಸರು ಒಂದೇ ಆಗಿದ್ದರೂ ಆ ದಿವಾಳಿಗೆ ಒಳಪಟ್ಟಿರಲಿಲ್ಲ.

ಐರೋಪ್ಯ ಒಕ್ಕೂಟದಲ್ಲಿಯೂ ಪ್ಯಾಕೇಜ್ ಪ್ರವಾಸ ಮಾರುವವರು ದಿವಾಳಿಯ ವಿರುದ್ಧ ಭದ್ರತೆ ಹೊಂದಿರುವುದು ಕಡ್ಡಾಯ. ಅಮೆರಿಕದಲ್ಲಿ ದಿವಾಳಿ ಕಾನೂನಿನ 11ನೆಯ ಅಧ್ಯಾಯದಡಿ ರಕ್ಷಣೆ ಪಡೆದ ಸಂಸ್ಥೆಯು ಹಾರಾಟ ಮುಂದುವರಿಸುತ್ತಲೇ ಸಾಲವನ್ನು ಮರುಹೊಂದಿಸಿಕೊಳ್ಳಬಹುದು. ಯುನೈಟೆಡ್ 2002ರಲ್ಲಿ, ಡೆಲ್ಟಾ 2005ರಲ್ಲಿ, ಅಮೆರಿಕನ್ ಏರ್‌ಲೈನ್ಸ್ 2011ರಲ್ಲಿ ಈ ದಾರಿ ಹಿಡಿದು ಉಳಿದುಕೊಂಡವು. ಆದ್ದರಿಂದ ದಿವಾಳಿ ಅರ್ಜಿ ಸಲ್ಲಿಕೆಯಾಯಿತೆಂದರೆ ಎಲ್ಲೆಡೆಯೂ ಟಿಕೆಟ್ ವ್ಯರ್ಥವಾಯಿತೆಂದು ಅರ್ಥವಲ್ಲ. ಸಂಸ್ಥೆ ಹಾರುತ್ತಿರುವಾಗಲೇ ಗಾಬರಿಯಿಂದ ತಾನಾಗಿ ಟಿಕೆಟ್ ರದ್ದುಪಡಿಸಿದವನು ರದ್ದತಿ ಶುಲ್ಕವನ್ನು ಕಳೆದುಕೊಳ್ಳುತ್ತಾನೆ. ಸಂಸ್ಥೆಯೇ ರದ್ದುಪಡಿಸಿದಾಗ ದೊರೆಯುವ ಪೂರ್ಣ ಮೊತ್ತದ ಹಕ್ಕೂ ಅವನಿಗೆ ಉಳಿಯುವುದಿಲ್ಲ.

ಸುಧಾರಣೆಯ ಚರ್ಚೆ

ಪ್ರಯಾಣಿಕರ ಮುಂಗಡವನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸಬೇಕು, ಅಥವಾ ಪ್ರತಿ ಟಿಕೆಟ್ಟಿನಿಂದ ಸಣ್ಣ ಮೊತ್ತವನ್ನು ಸಂಗ್ರಹಿಸಿ ಸಾಮೂಹಿಕ ರಕ್ಷಣಾ ನಿಧಿ ಸ್ಥಾಪಿಸಬೇಕು ಎಂಬುದು ಈ ವಿಷಯದ ಚರ್ಚೆಗಳಲ್ಲಿ ಕೇಳಿಬರುವ ಮುಖ್ಯ ಸಲಹೆಗಳು. ಮೊದಲನೆಯದರಿಂದ ಸಂಸ್ಥೆಗಳ ದುಡಿಯುವ ಬಂಡವಾಳ ಕುಗ್ಗಿ ದರ ಏರಬಹುದೆಂಬುದು ಒಂದು ಆಕ್ಷೇಪ. ಎರಡನೆಯದರಲ್ಲಿ ಸದೃಢ ಸಂಸ್ಥೆಯ ಪ್ರಯಾಣಿಕನು ದುರ್ಬಲ ಸಂಸ್ಥೆಯ ಅಪಾಯಕ್ಕೆ ಹಣ ತೆರಬೇಕಾಗುತ್ತದೆ ಎಂಬುದು ಇನ್ನೊಂದು. ವಿಮಾನಗಳ ಒಡೆಯರ ಹಿತ ಕಾಯುವ ದಿಕ್ಕಿನಲ್ಲಿ ಭಾರತದ ಕಾನೂನು ವೇಗವಾಗಿ ಬದಲಾಗಿದೆ: 2023ರ ಅಕ್ಟೋಬರ್‌ನಲ್ಲಿ ವಿಮಾನಗಳನ್ನು ದಿವಾಳಿ ತಡೆಯಾಜ್ಞೆಯಿಂದ ಹೊರಗಿಡಲಾಯಿತು, 2025ರಲ್ಲಿ ವಿಮಾನ ಸಾಧನಗಳ ಮೇಲಿನ ಹಿತಾಸಕ್ತಿಗಳ ಸಂರಕ್ಷಣೆಗೆ ಪ್ರತ್ಯೇಕ ಕಾಯಿದೆಯೇ ಬಂದಿತು. ಅದೇ ವಿಮಾನಗಳಲ್ಲಿ ಕುಳಿತುಕೊಳ್ಳಲು ಮುಂಗಡ ಕೊಟ್ಟವರು ಮಾತ್ರ ಹಂಚಿಕೆಯ ಆರನೆಯ ಮೆಟ್ಟಿಲಿನಲ್ಲಿಯೇ ಉಳಿದಿದ್ದಾರೆ.